ಸಾವಿರನೆಯ ದಿನದ ಹುಂಜ

ನಮ್ಮ ಕೇರಿಯಲ್ಲಿ ಯಾರು ಸತ್ತರೂ ಮೊದಲು ಅಳುವವರು ಮನೆಯವರು. ಮೊದಲು ದಿನ ಎಣಿಸುವವನು ಕಾಂಗ್ ವಗಿರಾನ್. ಹೆಣಕ್ಕೆ ಸ್ನಾನ ಮಾಡಿಸುವ ಹೊತ್ತಿಗೆ ಅವನು ಅಂಗಳದ ಮೂಲೆಯಲ್ಲಿ ನಿಂತು, ಕಣ್ಣು ಅರ್ಧ ಮುಚ್ಚಿ, ಬೆರಳಿನ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿಸುತ್ತಿರುತ್ತಿದ್ದ. ಮೂರನೆಯ ದಿನ ಇಂಥದು, ಏಳನೆಯದು ಇಂಥದು, ಆಮೇಲೆ ನಲವತ್ತು, ನೂರು, ಕೊನೆಗೆ ಸಾವಿರ. ಆ ಒಂದೊಂದು ದಿನಕ್ಕೂ ಸತ್ತವರ ಮನೆಯಲ್ಲಿ ಸಂಜೆ ಕೆಂದುರಿ ನಡೆಯುತ್ತದೆ. ಗಂಡಸರು ಚಾಪೆಯ ಮೇಲೆ ಸಾಲಾಗಿ ಕುಳಿತು ಪ್ರಾರ್ಥನೆ ಹೇಳುತ್ತಾರೆ; ಏಳುವಾಗ ತಲೆಗೊಂದು ಬೆರ್ಕತ್ ಬುಟ್ಟಿ ಎತ್ತಿಕೊಂಡು ಮನೆಗೆ ಹೋಗುತ್ತಾರೆ. ಬೆರ್ಕತ್ ಎಂದರೆ ಆಶೀರ್ವಾದ. ಆದರೆ ಆ ಆಶೀರ್ವಾದದೊಳಗೆ ಅನ್ನ, ಕೋಳಿಯ ತುಂಡು, ಹುರಿದ ಶಾವಿಗೆ, ಅರ್ಧ ಮೊಟ್ಟೆ, ಒಂದು ಬಾಳೆಹಣ್ಣು ಇರುತ್ತವೆ. ಇಂಥ ಆಶೀರ್ವಾದದ ಬಲದ ಮೇಲೆಯೇ ವಗಿರಾನ್ ಬದುಕಿದ್ದ.

ಸೋಲೋ ಪಟ್ಟಣದ ಹೊಳೆಯಂಚಿನ ಕೇರಿ ನಮ್ಮದು. ಬೆಳಗಿನ ಮಂಜು ಹೊಳೆಯಿಂದ ಎದ್ದು, ಉಪ್ಪು ಕೇಳಲು ಬಂದ ನೆರೆಯವಳ ಹಾಗೆ, ಒಂದೊಂದು ಬಾಗಿಲಲ್ಲೂ ಸ್ವಲ್ಪ ಹೊತ್ತು ನಿಂತು ಮುಂದೆ ಹೋಗುತ್ತದೆ. ಆ ಮಂಜಿನೊಳಗಿಂದ ಸೈಕಲ್ಲು ತಳ್ಳಿಕೊಂಡು ಮಾರುಕಟ್ಟೆಗೆ ಹೊರಡುವ ಬಡಕಲು ಮನುಷ್ಯನೇ ವಗಿರಾನ್. ಅಲ್ಲಿ ಅವನ ಕೆಲಸ ಬೇರೆಯವರ ಸೈಕಲ್ಲು ಕಾಯುವುದು. ಅದರಲ್ಲಿ ಬರುವ ಸಂಪಾದನೆ ಒಬ್ಬನ ಒಂದು ಹೊತ್ತಿಗೆ ಸಾಲುತ್ತಿತ್ತು. ಹೊತ್ತು ಮಾತ್ರ ದಿನಕ್ಕೆ ಮೂರು ಇದ್ದವು.

ಮೊದಲು ಅವನ ಕೆಲಸ ಹೀಗಿರಲಿಲ್ಲ. ಮೂವತ್ತು ವರ್ಷ ಪಟ್ಟಣದ ವಯಾಂಗ್ ನಾಟಕಶಾಲೆಯಲ್ಲಿ ಘಟೋತ್ಕಚನನ್ನು ಹಾರಿಸುವ ಹಗ್ಗ ಎಳೆದವನು ಅವನು. ರಂಗದ ಮೇಲಟ್ಟದಲ್ಲಿ, ಧೂಳು ಮತ್ತು ದೀಪದ ಬಿಸಿಯ ನಡುವೆ ಕೂತು, ರಾತ್ರಿಗೊಮ್ಮೆ ಭೀಮನ ಮಗನನ್ನು ಮೋಡದವರೆಗೆ ಏರಿಸಿ ಇಳಿಸುತ್ತಿದ್ದ. ಜನ ಚಪ್ಪಾಳೆ ಹೊಡೆಯುವುದು ಹಾರುವಾಗ. ವಗಿರಾನ್‌ಗೆ ಹೆಮ್ಮೆ ಇಳಿಸುವುದರಲ್ಲಿ. "ಎತ್ತೋದಕ್ಕೆ ತೋಳು ಸಾಕು, ಇಳಿಸೋದಕ್ಕೆ ಮನಸ್ಸು ಬೇಕು. ನೆಲ ಮುಟ್ಟಿದ್ದು ಅವನ ಕಾಲಿಗೇ ಗೊತ್ತಾಗಬಾರ್ದು," ಎಂದು ಹೇಳುತ್ತಿದ್ದ. ಘಟೋತ್ಕಚರು ಬದಲಾದರು, ಒಬ್ಬರಿಗಿಂತ ಒಬ್ಬರು ದಪ್ಪಗಾದರು. ಕಡೆಗೆ ಕರೆಂಟಿನ ರಾಟೆ ಬಂತು. ಬೀಳ್ಕೊಡುವಾಗ ನಾಟಕಶಾಲೆಯವರು ವಗಿರಾನ್‌ಗೆ ಒಂದು ಭಾಷಣವನ್ನೂ ಹಳೆಯ ಹಗ್ಗದ ಒಂದು ತುಂಡನ್ನೂ ಕೊಟ್ಟರು. ಭಾಷಣ ಅಲ್ಲೇ ಮುಗಿಯಿತು. ಹಗ್ಗ ಇನ್ನೂ ಇತ್ತು.

ಸೈಕಲ್ಲು ಕಾಯುವವನಾದ ಮೇಲೆ ಅವನು ಅನ್ನವನ್ನು ಒಂದು ವಿದ್ಯೆಯಂತೆ ಕಲಿತ. ನಮ್ಮ ಕೇರಿಯ ಅನ್ನದಂಗಡಿ ಯೂ ಜಿನೆಮ್‌ಳದು. ಕಾಂಗ್ ಎಂದರೆ ಅಣ್ಣ, ಯೂ ಎಂದರೆ ಅಕ್ಕ; ಕೇರಿಗೆಲ್ಲ ಅವಳು ಅಕ್ಕನೇ, ಅವಳಿಗಿಂತ ಹಿರಿಯರಿಗೂ. ವಗಿರಾನ್ ಅಲ್ಲಿ ಅರ್ಧ ತಟ್ಟೆ ಅನ್ನ ಮಾತ್ರ ಕೊಳ್ಳುತ್ತಿದ್ದ. ಮೇಲೆ ಸಾರು ಪುಕ್ಕಟೆ ಎಂಬುದು ಅಂಗಡಿಯ ಪದ್ಧತಿ. ಆದರೆ ಯಾವ ಸಾರು ಎಂದು ಪದ್ಧತಿ ಹೇಳಿರಲಿಲ್ಲ. ಅವನು ಹಲಸಿನ ಪಲ್ಯದಿಂದ ಒಂದು ಚಮಚ, ಮೊಟ್ಟೆಯ ಪಾತ್ರೆಯಿಂದ ಒಂದು, ಕೋಳಿಯ ಪಾತ್ರೆಯ ಅಂಚಿನಿಂದ ಒಂದು ಹಾಕಿಸಿಕೊಂಡು, ಮೂರು ಬಗೆಯ ಊಟದ ನೆರಳನ್ನು ಬಾಳೆಲೆಯಲ್ಲಿ ಕಟ್ಟಿಸಿಕೊಂಡು ಮನೆಗೆ ಒಯ್ಯುತ್ತಿದ್ದ. "ಕಾಂಗ್, ಆ ಕೋಳಿ ನಿನ್ನ ನೋಡಿದ್ರೆ ಒಂದ್ ಸುತ್ತು ಬಡವಾಗತ್ತೆ," ಎನ್ನುತ್ತಿದ್ದಳು ಜಿನೆಮ್, ಸೌಟು ತಡೆಯದೆ.

ಮಾರುಕಟ್ಟೆ ಮುಚ್ಚುವ ಹೊತ್ತಿಗೆ ಬಾಡಿದ ಸೊಪ್ಪಿಗೆ ಹುಳಿಯ ಮರ್ಯಾದೆ ಕೊಡುವುದು ಅವನಿಗೆ ಗೊತ್ತಿತ್ತು. ತೆಂಪೆ ಎಂಬ ಹುದುಗಿಸಿದ ಸೋಯಾ ಬಿಲ್ಲೆಯನ್ನು ವಾಸನೆ ಬಂತೆಂದು ಬಿಸಾಡುವವರನ್ನು ಕಂಡರೆ ಆಗುತ್ತಿರಲಿಲ್ಲ. ಹಳತಾದ ತೆಂಪೆ ಚಟ್ನಿಗೆ, ಹಳಬನಾದ ಮನುಷ್ಯ ಮಾತಿಗೆ ಎನ್ನುತ್ತಿದ್ದ. ಉಳಿದ ಅನ್ನವನ್ನು ಮಾಡಿನ ಹೆಂಚಿನ ಮೇಲೆ ಒಣಗಿಸಿ ಸಂಡಿಗೆ ಮಾಡುತ್ತಿದ್ದ. ಅದು ಅವನ ಹೆಂಡತಿ ಲಸ್ಮಿ ಕಲಿಸಿದ್ದು.

ಎಲ್ಲಕ್ಕಿಂತ ದೊಡ್ಡ ಆಸರೆ ಬೆರ್ಕತ್. ಅದಕ್ಕಾಗಿ ಅವನು ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಕೇರಿಯ ಸತ್ತವರನ್ನೆಲ್ಲ ಬರೆದಿದ್ದ. ಯಾವ ವಾರ, ವಾರದ ಜೊತೆಜೊತೆಗೆ ಸುತ್ತುವ ನಮ್ಮ ಐದು ಸಂತೆದಿನಗಳಲ್ಲಿ ಯಾವುದು, ಯಾವ ದಿನಕ್ಕೆ ನೂರು, ಯಾವ ದಿನಕ್ಕೆ ಸಾವಿರ. ಹೊಗೆ ಹಿಡಿದ ಆ ಗೋಡೆಯ ಮುಂದೆ ನಿಂತರೆ ಕೇರಿಯ ಮುದುಕ ಮುದುಕಿಯರೆಲ್ಲ ಬರುವ ತಿಂಗಳುಗಳೊಳಗೆ ತಂತಮ್ಮ ಜಾಗದಲ್ಲಿ ಕೂತು ಕಾಯುತ್ತಿರುವಂತೆ ಕಾಣುತ್ತಿತ್ತು. ಮನೆಯವರು ಮರೆತರೂ ಗೋಡೆ ಮರೆಯುತ್ತಿರಲಿಲ್ಲ. ಎರಡು ದಿನ ಮುಂಚೆ ವಗಿರಾನ್ ಬಾಗಿಲಲ್ಲಿ ಬಂದು ನಿಂತು, ಕೆಮ್ಮಿ, ಹವಾಮಾನದ ವಿಚಾರ ಮಾತಾಡಿ, ಹೋಗುವಾಗ ಮಾತ್ರ ಹೇಳುವನು: "ಗುರುವಾರ ಸಂಜೆ ನಿಮ್ಮಪ್ಪಂದು ನೂರು." ನನ್ನ ಮನೆಗೂ ಹೀಗೇ ಬಂದಿದ್ದ. ಮರೆತೇ ಹೋಗಿತ್ತು ಎಂದು ಹೇಳಲು ನಾಚಿ, ನಾನೇ ನಿಮ್ಮಲ್ಲಿಗೆ ಹೇಳಲು ಬರುವವನಿದ್ದೆ ಎಂದೆ. ಅವನು ನಂಬಿದವನಂತೆ ತಲೆಯಾಡಿಸಿದ. ಆ ಗುರುವಾರ ನನ್ನ ತಂದೆಗೆ ಕೋಳಿ ಬೆಂದಿತು.

ಇದನ್ನು ಸಹಿಸದವರು ಒಬ್ಬರಿದ್ದರು, ನಮ್ಮ ಕೇರಿಯ ಮುಖ್ಯಸ್ಥ ಪಾ ಹಾರ್ಜಿತೊ. ಪಾ ಎಂದರೆ ಅಪ್ಪ, ದೊಡ್ಡವರನ್ನು ಕರೆಯುವ ರೀತಿ. ಇಪ್ಪತ್ತೆಂಟು ಮನೆಗಳ ಆಡಳಿತವನ್ನು ಅವರು ಸಾಮ್ರಾಜ್ಯದ ಹಾಗೆ ನಡೆಸುತ್ತಿದ್ದರು: ಇಸ್ತ್ರಿ ಮಾಡಿದ ಸಫಾರಿ, ಕೊರಳಲ್ಲಿ ಸೀಟಿ, ಜೇಬಿನಲ್ಲಿ ಕೇರಿಯ ಮುದ್ರೆ. ಚರಂಡಿ ಗುಡಿಸುವ ದಿನದಲ್ಲೂ ಅವರು ಪೊರಕೆ ಹಿಡಿಯುವ ಮೊದಲು ನಾಲ್ಕು ಮಾತು ಆಡುವರು. ಈಗಿನ ಕಾಲಕ್ಕೆ ಬೇಯಿಸಿದ ಬೆರ್ಕತ್ ದುಂದು, ಹಸಿ ಪೊಟ್ಟಣವೇ ವೈಜ್ಞಾನಿಕ ಎಂಬುದು ಅವರ ಮತ. ತಮ್ಮ ಅತ್ತೆಯ ನಲವತ್ತಕ್ಕೆ ಅವರು ಎಲ್ಲರಿಗೂ ಒಂದು ಹಿಡಿ ಅಕ್ಕಿ, ಒಂದು ಮೊಟ್ಟೆ, ದಿಢೀರ್ ನೂಡಲ್ಸಿನ ಒಂದು ಪೊಟ್ಟಣ, ಜೊತೆಗೆ ಇದರ ಪ್ರಯೋಜನಗಳ ಬಗ್ಗೆ ಒಂದು ಭಾಷಣ ಹಂಚಿದರು. ವಗಿರಾನ್ ಆ ಮೊಟ್ಟೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ಅತ್ತೆ ಇದನ್ನ ಹೇಗೆ ತಿಂತಾರೆ ಪಾ? ಬೇಯಿಸಿದ್ರಲ್ವಾ ವಾಸನೆ ಬರೋದು?" ಎಂದು ಕೇಳಿದ. ಅಂದಿನಿಂದ ಹಾರ್ಜಿತೊ ಅವನಿಗೆ ಸತ್ತವರ ಅಂಚೆಯವನು ಎಂದು ಹೆಸರಿಟ್ಟರು.

ವಾಸನೆಯ ಮಾತು ಅವನು ತಮಾಷೆಗೆ ಆಡಿದ್ದಲ್ಲ. ಸತ್ತವರು ಅನ್ನದ ಸಾರವನ್ನು ಮಾತ್ರ ತೆಗೆದುಕೊಳ್ಳುತ್ತಾರೆ, ಅನ್ನ ಇಲ್ಲೇ ಉಳಿಯುತ್ತದೆ ಎನ್ನುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಸಾವಿರ ದಿನ ಅವರು ಮನೆಯ ಸುತ್ತಲೇ ಇರುತ್ತಾರೆ, ಸಾವಿರನೆಯ ಸಂಜೆ ಉಂಡು ಹೊರಟುಬಿಡುತ್ತಾರೆ, ಮತ್ತೆ ತಿರುಗಿ ನೋಡುವುದಿಲ್ಲ. ಲಸ್ಮಿ ತೀರಿಕೊಂಡ ಮೇಲೂ ವಗಿರಾನ್ ಅನ್ನವನ್ನು ಎರಡು ತಟ್ಟೆಗೆ ಹಾಕುತ್ತಿದ್ದ. ಒಂದು ತಟ್ಟೆಯನ್ನು ಒಲೆಯ ಪಕ್ಕ, ಅವಳು ಕೂರುತ್ತಿದ್ದ ಗಿಡ್ಡ ಮಣೆಯ ಮುಂದೆ ಇಡುವನು. ಹಬೆ ಮೇಲೇರಿ, ಬಾಗಿ, ಮಣೆಯ ಮೇಲೆ ಒಂದು ಕ್ಷಣ ನಿಂತು ಕರಗುವುದು. ಹಬೆ ಪೂರ್ತಿ ನಿಂತ ಮೇಲೆ, ಅವಳ ಊಟ ಆಯಿತು ಎಂದುಕೊಂಡು, ತನ್ನ ತಟ್ಟೆಯನ್ನೂ ಅವಳ ತಟ್ಟೆಯನ್ನೂ ಒಟ್ಟಿಗೆ ಉಣ್ಣುವನು. ಹೆಂಡತಿಗಿಂತ ಮುಂಚೆ ತಿಂದು ಅಭ್ಯಾಸವಿಲ್ಲ ಎನ್ನುವನು. ಇದಕ್ಕಿಂತ ಕಡಿಮೆ ಖರ್ಚಿನ ಸಂಸಾರವನ್ನು ನಾನು ಕಂಡಿಲ್ಲ. ಇದಕ್ಕಿಂತ ತಣ್ಣಗಿನ ಊಟವನ್ನೂ ಕಂಡಿಲ್ಲ.

ಕೆಲವು ಮಧ್ಯಾಹ್ನ, ಬಾಗಿಲ ಹೊಸ್ತಿಲಲ್ಲಿ ತೂಕಡಿಸುವಾಗ, ಅವಳು ಕನಸಿನಲ್ಲಿ ಬರುತ್ತಿದ್ದಳಂತೆ. ಏನೂ ದೊಡ್ಡ ಮಾತಿಲ್ಲ. ಸೊಪ್ಪಿಗೆ ಉಪ್ಪು ಸಾಲದು ಎನ್ನುವಳು. ಸಂಡಿಗೆ ತಿರುವಿಹಾಕು ಎನ್ನುವಳು. ಒಮ್ಮೆ ನಾಟಕಶಾಲೆಯ ಮೇಲಟ್ಟದಲ್ಲಿ ಅವನ ಪಕ್ಕ ಕೂತು, ಕೆಳಗೆ ಯಾರೂ ಇಲ್ಲದ ರಂಗವನ್ನು ನೋಡುತ್ತ, ಇಷ್ಟು ಎತ್ತರದಲ್ಲಿ ಕೂತು ನಿನಗೆ ಹಸಿವೆಯಾಗುವುದಿಲ್ಲವೇ ಎಂದು ಕೇಳಿದಳಂತೆ. ಅವನು ಎದ್ದಾಗ ಮಳೆ ಬಂದು ನಿಂತಿತ್ತು, ಹೊಳೆ ಯಾರೋ ನಿದ್ದೆಯಲ್ಲಿ ಮಾತಾಡಿದ ಹಾಗೆ ಹರಿಯುತ್ತಿತ್ತು, ಮತ್ತು ಸಂಡಿಗೆ ನೆನೆದುಹೋಗಿತ್ತು.

ಅವಳ ಸಾವಿರಕ್ಕಾಗಿ ಅವನು ಎರಡೂವರೆ ವರ್ಷದಿಂದ ಬಾಯಿ ಕಟ್ಟಿದ್ದ. ಅನ್ನ ಬೇಯಿಸುವಾಗಲೆಲ್ಲ ಒಂದು ಹಿಡಿ ಅಕ್ಕಿ ತೆಗೆದು ಜಾಡಿಗೆ ಹಾಕುವನು. ಬೆರ್ಕತ್ ಸಿಕ್ಕ ದಿನ ಎರಡು ಹಿಡಿ. ಹಳೆಯದನ್ನು ಅಂಗಡಿಯಲ್ಲಿ ಹೊಸದಕ್ಕೆ ಬದಲಿಸಿಕೊಂಡು ಹುಳು ಹಿಡಿಯದಂತೆ ಕಾಯುವನು. ಜೊತೆಗೆ ಒಂದು ಹುಂಜ ಸಾಕಿದ್ದ. ನಾಟಕಶಾಲೆಯ ಹಗ್ಗದ ತುದಿ ಬಿಚ್ಚಿ, ಅದರ ಎಳೆಯಿಂದ ಹುಂಜದ ಕಾಲನ್ನು ಹಿತ್ತಲ ಪಪ್ಪಾಯಿ ಗಿಡಕ್ಕೆ ಕಟ್ಟಿದ್ದ. ಕೇರಿಯ ಸಕಲ ಸತ್ತವರ ಬೆರ್ಕತ್ತಿನ ಚೂರುಪಾರು ತಿಂದು ಆ ಹುಂಜ ಮುಖ್ಯಸ್ಥರ ಹಾಗೆ ಎದೆಯೆತ್ತಿ ನಡೆಯುತ್ತಿತ್ತು. ಇಡಿಯಾಗಿ, ಕೈಮುಗಿದಂತೆ ಕಾಲು ಕಟ್ಟಿ, ಕಾಯಿಹಾಲಿನಲ್ಲಿ ಬೇಯಿಸಿದ ಹುಂಜ, ನಲವತ್ತು ಬುಟ್ಟಿ ಬಿಸಿ ಬೆರ್ಕತ್, ಸರಿಯಾದ ದಿನ. ಇಷ್ಟೇ ಅವನ ಆಸೆ. ಊರಿನ ಸತ್ತವರನ್ನೆಲ್ಲ ಹೊತ್ತಿಗೆ ಸರಿಯಾಗಿ ಕಳಿಸಿದವನು ತನ್ನವಳನ್ನು ಬರಿಹೊಟ್ಟೆಯಲ್ಲಿ ಕಳಿಸಬಾರದು.

ಗೋಡೆಯ ಮೇಲೆ ಲಸ್ಮಿಯ ಸಾವಿರ ಸೋಮವಾರ, ವಗೆ ಸಂತೆದಿನ ಎಂದಿತ್ತು. ನಮ್ಮಲ್ಲಿ ದಿನ ಹುಟ್ಟುವುದು ಸೂರ್ಯ ಮುಳುಗಿದಾಗ, ಮಸೀದಿಯಲ್ಲಿ ಸಂಜೆಯ ಬಾಂಗ್ ಕೂಗಿದ ಮೇಲೆ. ಆದ್ದರಿಂದ ಕೆಂದುರಿ ಭಾನುವಾರ ಸಂಜೆ. ವಗಿರಾನ್ ಮನೆಮನೆಗೂ ಹೋಗಿ ಹೇಳಿ ಬಂದ. ವಗೆ ಎಂಬ ಸಂತೆದಿನದಲ್ಲಿ ಹುಟ್ಟಿದ್ದರಿಂದಲೇ ಅವನಿಗೆ ವಗಿರಾನ್ ಎಂದು ಹೆಸರು. ಹೆಂಡತಿಯ ದಿನವನ್ನೂ ತನ್ನ ಹೆಸರಿಗೇ ಬರೆಸಿಕೊಂಡ ಎಂದು ಹಾರ್ಜಿತೊ ಹೇಳಿ ನಕ್ಕರು. ಆದರೂ ಭಾನುವಾರಕ್ಕೆಂದು ಒಂದು ಭಾಷಣ ಬರೆದಿಟ್ಟುಕೊಂಡರು.

ಶನಿವಾರ ಬೆಳಿಗ್ಗೆ, ಹತ್ತರ ಸುಮಾರು. ನಾನು ಜಿನೆಮ್‌ಳ ಅಂಗಡಿಯ ಬೆಂಚಿನ ಮೇಲೆ ಕೂತು ಕಾಫಿ ಕುಡಿಯುತ್ತಿದ್ದೆ. ಮರುದಿನಕ್ಕೆ ದೊಡ್ಡ ಹಂಡೆ ಕೇಳಲು ವಗಿರಾನ್ ಬಂದ. ಜಿನೆಮ್ ಹಂಡೆ ತೆಗೆದುಕೊಟ್ಟಳು. ಆದರೆ ಅದರ ಕಿವಿಯನ್ನು ಬಿಡಲಿಲ್ಲ. ಇಬ್ಬರೂ ಹಂಡೆ ಹಿಡಿದು ನಿಂತಿದ್ದರು.

"ಕಾಂಗ್, ಒಂದ್ ಮಾತು. ಲಸ್ಮಿ ಹೋದಾಗ ಬಾಂಗ್ ಆಗಿರ್ಲಿಲ್ಲ."

ವಗಿರಾನ್ ಹಂಡೆಯೊಳಗೆ ನೋಡುತ್ತಿದ್ದ.

"ನಾನು ಅವಳ ಕಾಲು ಒತ್ತುತಾ ಇದ್ದೆ. ಸಂಡಿಗೆ ತಟ್ಟೆ ಇನ್ನೂ ಹೆಂಚಿನ ಮೇಲೇ ಇತ್ತು. ತಟ್ಟೆ ಮೇಲೆ ಬಿಸ್ಲಿತ್ತು. ಉಸ್ರು ನಿಂತ್ ಮೇಲೆ ನಾನೇ ಹೋಗಿ ಅದನ್ನ ಕೆಳಗಿಳಿಸ್ದೆ, ಆಮೇಲೆ ಬಾಂಗ್ ಆಯ್ತು. ನೀನು ಬರ್ಕೊಂಡಿರೋದು ಬುಧವಾರ. ಅವಳು ಹೋಗಿದ್ದು ಮಂಗಳವಾರ."

ಹಾಗಿದ್ದರೆ ಸಾವಿರನೆಯ ಸಂಜೆ ನಾಳೆಯದಲ್ಲ, ಇವತ್ತಿನದು. ಇದನ್ನು ಅವಳು ಸಾವಿರ ದಿನ ಹೇಳದೆ ಇದ್ದಳು. ವಗಿರಾನ್‌ಗೆ ದಿನ ಹೇಳಿಕೊಡುವುದು ಎಂದರೆ ಮೀನಿಗೆ ಈಜು ಕಲಿಸಿದ ಹಾಗೆ ಎಂದು ಸುಮ್ಮನಿದ್ದಳಂತೆ. ಬೀದಿಯಲ್ಲಿ ಐಸ್ ಮಾರುವವನ ಗಂಟೆ ಕೇಳಿಸಿ, ದೂರವಾಗಿ, ನಿಂತಿತು.

"ಗೊತ್ತು ಯೂ," ಎಂದ ವಗಿರಾನ್.

"ಗೊತ್ತಾ?"

"ಗೋಡೆ ಮೇಲೆ ಬರೆಯೋವಾಗ್ಲೇ ಗೊತ್ತಿತ್ತು. ಜೀವಮಾನವೆಲ್ಲ ಅರ್ಧ ಸೌಟು ಸಾರು ಉಳಿಸ್ದೆ, ಹಿಡಿ ಅಕ್ಕಿ ಉಳಿಸ್ದೆ. ಒಂದ್ ಸಂಜೆ ಉಳಿಸ್ಕೊಂಡ್ರೆ ಯಾರಿಗೇನು ನಷ್ಟ ಅಂದ್ಕೊಂಡೆ."

ಜಿನೆಮ್ ಹಂಡೆಯ ಕಿವಿ ಬಿಟ್ಟಳು. "ಅವಳಿಗೆ ನಷ್ಟ. ಇವತ್ತು ಸಂಜೆ ಬಾಗಿಲಲ್ಲಿ ನಿಂತು ನೋಡ್ತಾಳೆ, ಒಲೆ ತಣ್ಣಗಿರತ್ತೆ. ನಾಳೆ ನೀನು ಊರಿಗೆಲ್ಲ ಹುಂಜ ಬಡಿಸ್ತೀಯ. ಉಣ್ಣೋಕೆ ಅವಳಿರಲ್ಲ."

ವಗಿರಾನ್ ಹಂಡೆಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಹೊರಟ. ಆ ಹಂಡೆಯ ಕೆಳಗೆ ಅವನ ಮುಖ ಹೇಗಿತ್ತೋ ನಮಗೆ ಕಾಣಲಿಲ್ಲ. ಅವನು ಮನೆಗೆ ಹೋಗಲಿಲ್ಲ. ಮೊದಲ ಮನೆಯ ಬಾಗಿಲಲ್ಲಿ ನಿಂತ, ಹಂಡೆ ಕೆಳಗಿಟ್ಟ, ಕೆಮ್ಮಿದ. ಹವಾಮಾನದ ಮಾತು ಆಡಲಿಲ್ಲ. "ನನ್ನ ಲೆಕ್ಕ ತಪ್ಪಿತ್ತು. ಲಸ್ಮಿಗೆ ಇವತ್ತೇ ಸಾವಿರ," ಎಂದ. ಹಂಡೆ ಎತ್ತಿಕೊಂಡು ಎರಡನೆಯ ಮನೆ, ಮೂರನೆಯ ಮನೆ. ಇಪ್ಪತ್ತೆಂಟು ಬಾಗಿಲಲ್ಲೂ ಅದೇ ಮಾತು. ಇಷ್ಟು ವರ್ಷ ಒಂದು ದಿನವೂ ತಪ್ಪದವನ ಬಾಯಲ್ಲಿ ತಪ್ಪು ಎಂಬ ಪದ ಕೇಳಿ ಜನ ಮರುಗುವ ಮೊದಲು ಗಾಬರಿಯಾದರು. ನಮ್ಮಮ್ಮನದು ಸರಿ ಇತ್ತೇ ಎಂದು ನಾಲ್ಕು ಮನೆಯವರು ಕೇಳಿದರು. ನಮ್ಮ ಮಾವ ಹಸಿದುಕೊಂಡು ಹೋದನೇನೋ ಎಂದು ಐದನೆಯ ಮನೆಯಲ್ಲಿ ಒಬ್ಬಳು ಸೆರಗು ಬಾಯಿಗಿಟ್ಟುಕೊಂಡಳು. ಅವನು ಎಲ್ಲರಿಗೂ ಸಮಾಧಾನ ಹೇಳಿದ. ನಿಮ್ಮದೆಲ್ಲ ಸರಿ ಇತ್ತು, ತಪ್ಪಿದ್ದು ನನ್ನದೊಂದೇ ಎಂದ.

ಮಧ್ಯಾಹ್ನದ ಹೊತ್ತಿಗೆ ಜಿನೆಮ್ ಅಂಗಡಿಗೆ ಹಲಗೆ ಹಾಕಿ, ನಾಲ್ಕು ಹೆಂಗಸರೊಂದಿಗೆ ಅವನ ಹಿತ್ತಲಲ್ಲಿ ತೆಂಗಿನಕಾಯಿ ತುರಿಯುತ್ತಿದ್ದಳು. ಜಾಡಿಯ ಅಕ್ಕಿ ತೊಳೆದಾಯಿತು. ಹುಂಜದ ಕಟ್ಟು ಬಿಚ್ಚಲು ವಗಿರಾನ್ ಬಗ್ಗಿದ. ಎರಡು ವರ್ಷ ಕಾದಿದ್ದ ಹುಂಜ, ಗಂಟು ಸಡಿಲವಾದ ಆ ಒಂದೇ ಗಳಿಗೆಯಲ್ಲಿ, ಘಟೋತ್ಕಚನ ಹಗ್ಗದ ಎಳೆಯನ್ನು ಕಾಲಲ್ಲೇ ಇಟ್ಟುಕೊಂಡು ಹಾರಿತು. ಬೇಲಿಯ ಮೇಲೆ, ಬೇಲಿಯಿಂದ ಒಗೆದ ಬಟ್ಟೆಯ ಮೇಲೆ, ಅಲ್ಲಿಂದ ಓಣಿಗೆ. ಹೆಂಗಸರು ಸೌಟು ಹಿಡಿದು ಓಡಿದರು. ನಾನೂ ಓಡಿದೆ, ನನ್ನ ವಯಸ್ಸಿಗೆ ತಕ್ಕಷ್ಟು.

ಅದೇ ಸಮಯಕ್ಕೆ ಓಣಿಯಲ್ಲಿ ಪಾ ಹಾರ್ಜಿತೊ ಬರುತ್ತಿದ್ದರು. ಕೆಂದುರಿಯ ದಿನ ಬದಲಿಸುವುದಾದರೆ ಮುಖ್ಯಸ್ಥರಿಗೆ ಎರಡು ದಿನ ಮುಂಚೆ ತಿಳಿಸಬೇಕು, ಇನ್ನು ಇಷ್ಟು ವರ್ಷದ ಲೆಕ್ಕವನ್ನೆಲ್ಲ ಒಂದು ಸಮಿತಿ ಮಾಡಿ ಮತ್ತೆ ನೋಡಬೇಕಾಗುತ್ತದೆ ಎಂದು ಅವರು ದೂರದಿಂದಲೇ ಆರಂಭಿಸಿದ್ದರು. ಹುಂಜ ಅವರ ಎದೆಗೇ ಬಂದು ಅಪ್ಪಳಿಸಿತು. ಅವರು ತಬ್ಬಿ ಹಿಡಿದುಕೊಂಡರು. ಬೇಕೆಂದು ಹಿಡಿದರೋ, ಬೀಳದಿರಲು ಹಿಡಿದರೋ, ಈಗಲೂ ಕೇರಿಯಲ್ಲಿ ಎರಡು ಅಭಿಪ್ರಾಯವಿದೆ. ಇಸ್ತ್ರಿ ಸಫಾರಿಯ ಮೇಲೆ ರೆಕ್ಕೆ ಬಡಿಯುವ ಹುಂಜವನ್ನು ಮಗುವಿನಂತೆ ಎತ್ತಿಕೊಂಡು ಸಮಿತಿಯ ವಿಚಾರ ಮುಂದುವರಿಸುವುದು ಅವರಿಂದಲೂ ಆಗಲಿಲ್ಲ.

"ಒಳ್ಳೆ ತೂಕ ಇದೆ ಕಣಯ್ಯಾ," ಎಂದರು.

"ನಿಮ್ಮ ಅತ್ತೆಯ ನೂಡಲ್ಸೂ ಅದರ ಹೊಟ್ಟೇಲಿದೆ ಪಾ," ಎಂದ ವಗಿರಾನ್.

ಸಂಜೆ ನಲವತ್ತು ಜನ ಬರಲಿಲ್ಲ. ಶನಿವಾರ, ಕೆಲವರು ಮದುವೆಗೆ, ಕೆಲವರು ಕೆಲಸಕ್ಕೆ ಹೋಗಿದ್ದರು. ಹದಿನೇಳು ಜನ ಚಾಪೆಯ ಮೇಲೆ ಕೂತೆವು. ಬಾಂಗ್ ಆಗಿ, ಆಕಾಶ ಹಣ್ಣು ಬಾಳೆಯ ಬಣ್ಣದಿಂದ ಬೂದಿಯ ಬಣ್ಣಕ್ಕೆ ತಿರುಗುವ ಹೊತ್ತು. ನಡುವೆ ಹುಂಜ ಕೈಮುಗಿದು ಕೂತಿತ್ತು. ಕಾಯಿಹಾಲು, ಬೆಳ್ಳುಳ್ಳಿ, ನಿಂಬೆಹುಲ್ಲಿನ ವಾಸನೆ ಮನೆಯನ್ನು ತುಂಬಿ, ಕಿಟಕಿಯಿಂದ ಹೊರಬಿದ್ದು, ಹೊಳೆಯ ಮಂಜಿನೊಂದಿಗೆ ಬೆರೆತು ಓಣಿಯಲ್ಲೆಲ್ಲ ಸುಳಿದಾಡುತ್ತಿತ್ತು. ಮೌಲ್ವಿಗಳು ಪ್ರಾರ್ಥನೆ ಹೇಳಿಸಿದರು. ನಾವೆಲ್ಲ ಆಮೀನ್ ಎನ್ನುತ್ತಿದ್ದೆವು. ಬೇರೆ ಮನೆಗಳಲ್ಲಿ ಎಲ್ಲರಿಗಿಂತ ದೊಡ್ಡ ಆಮೀನ್ ಹೇಳುವ ವಗಿರಾನ್ ಇವತ್ತು ದನಿ ತೆಗೆಯಲಿಲ್ಲ. ಅವನು ಅಡುಗೆಮನೆಯ ಬಾಗಿಲಲ್ಲಿ, ಆ ಗಿಡ್ಡ ಮಣೆಯ ಕಡೆ ಮುಖ ಮಾಡಿ ನಿಂತಿದ್ದ. ಮಣೆಯ ಮುಂದೆ ಒಂದು ತಟ್ಟೆ ಇತ್ತು. ಅದರ ಹಬೆ ಎಂದಿನಂತೆ ಮೇಲೇರಿ ಬಾಗಿತು, ತಡವಾಗಿ ತೆಳುವಾಯಿತು. ಅವನ ಎರಡು ಕೈ ಎದೆಯ ಮುಂದೆ ಒಂದರ ಹಿಂದೆ ಒಂದು ಮೆಲ್ಲಗೆ ಆಡುತ್ತಿದ್ದವು. ಹಗ್ಗ ಬಿಡುವವನ ಕೈಗಳು. ಜರ್ರನೆ ಜಾರಲು ಬಿಡದೆ, ಗೇಣು ಗೇಣಾಗಿ.

ಉಳಿದ ಇಪ್ಪತ್ತಮೂರು ಬುಟ್ಟಿಗಳನ್ನು ಬಾರದವರ ಮನೆಗೆ ಮುಟ್ಟಿಸಿದವರು ಹಾರ್ಜಿತೊ. ಪ್ರತಿ ಬಾಗಿಲಲ್ಲೂ ಮೊದಲು ಸೀಟಿ ಊದಿದರು. ಭಾನುವಾರಕ್ಕೆ ಬರೆದಿದ್ದ ಭಾಷಣ ಹಾಗೇ ಜೇಬಿನಲ್ಲಿ ಉಳಿಯಿತು.

ಭಾನುವಾರ ನಡುಮಧ್ಯಾಹ್ನ ವಗಿರಾನ್ ಜಿನೆಮ್‌ಳ ಅಂಗಡಿಗೆ ಬಂದ. ಗೋಡೆಯ ಮೇಲೆ ಬರೆದಿದ್ದ ಬುಧವಾರವನ್ನು ಬೆಳಿಗ್ಗೆ ಒರಸಿ ಮಂಗಳವಾರ ಮಾಡಿದೆ ಎಂದ. ಕೇಳಿದ್ದು ಎಂದಿನಂತೆ ಅರ್ಧ ತಟ್ಟೆ ಅನ್ನ, ಮೂರು ಪಾತ್ರೆಯಿಂದ ಮೂರು ಚಮಚ ಸಾರು. ಕಟ್ಟಿಕೊಡಲೇ ಎಂದು ಜಿನೆಮ್ ಬಾಳೆಲೆ ತೆಗೆದಳು. ಎರಡೂವರೆ ವರ್ಷದಿಂದ ಅವನು ಕಟ್ಟಿಸಿಕೊಂಡೇ ಹೋಗುತ್ತಿದ್ದುದು. ಅವನು ಬೇಡ ಎಂದು ನನ್ನ ಪಕ್ಕ ಬೆಂಚಿನ ಮೇಲೆ ಕೂತ. ತಟ್ಟೆಯಿಂದ ಹಬೆ ಏಳುತ್ತಿತ್ತು. ಅಭ್ಯಾಸಕ್ಕೆ ಅವನು ಕೈ ಮಡಿಲಲ್ಲಿಟ್ಟುಕೊಂಡು ಕಾಯತೊಡಗಿದ. ಆಮೇಲೆ, ಕಾಯಬೇಕಾದವಳು ಉಂಡು ಹೊರಟಾಯಿತು ಎಂಬುದು ನೆನಪಾಗಿ, ಒಂದು ದೊಡ್ಡ ತುತ್ತು ಕಲಸಿ ಬಾಯಿಗಿಟ್ಟ.

ನಾಲಿಗೆ ಸುಟ್ಟುಕೊಂಡ. ಕಣ್ಣಲ್ಲಿ ನೀರು ಬಂತು. ಬಾಯಿ ತೆರೆದು ಊದಿಕೊಳ್ಳುತ್ತ ನನ್ನ ಕಡೆ, ಜಿನೆಮ್ ಕಡೆ ನೋಡಿದ.

"ಇಷ್ಟ್ ಬಿಸಿ ಇರತ್ತಾ ಯೂ, ನಿನ್ನ ಅನ್ನ?"

"ದಿನಾ ಇಷ್ಟೇ ಬಿಸಿ ಕಾಂಗ್," ಎಂದಳು ಜಿನೆಮ್. ಕೋಳಿಯ ಪಾತ್ರೆಗೆ ಸೌಟು ಇಳಿಸಿ, ಈ ಸಲ ತಳದಿಂದ ಎತ್ತಿದಳು.